ಅಮ್ಮ ‘ಯಾಕೆ’ ಎಂದು ಕೇಳಿದರೆ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಒಲವು ಗಂಡಸರ ಕಡೆಗೆ ಎಂದು ನೀನು ಮನೆಯಲ್ಲಿ ಹೇಳಿ ಹೋದ ಮೇಲೆ ನಿಮ್ಮಮ್ಮ ಇಲ್ಲಿಗೆ ಬಂದಿದ್ದಳು. ಅವರೆಕಾಳು ಹಿತುಕುತ್ತಾ ಒಂದೊಂದಾಗಿ ಕೇಳಿದಳು. ನೀನು ಹೊಟ್ಟೆಯಲ್ಲಿದ್ದಾಗ ಕಾಮಾಲೆ ಆಗಿತ್ತಲ್ಲ, ಅದಕ್ಕೋ? ನಿಮ್ಮಪ್ಪ ವರ್ಗವಾಗಿ ಊರೂರು ತಿರುಗುತ್ತಿದ್ದರಲ್ಲ, ಅದಕ್ಕೋ? ನೀನು ಅವಳ ಸೆರಗು ಬಿಟ್ಟು ಕದಲುತ್ತಿರಲಿಲ್ಲ, ಹಾಗೆ ಬೆಳೆಸಿದ್ದೇ ತಪ್ಪಾಯಿತೋ? ಕೇಳುತ್ತಾ ಕೇಳುತ್ತಾ ಬೇಳೆ, ಸಿಪ್ಪೆ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದಳು.

ಆ ಕೊನೆಯ ಅನುಮಾನ ಅವಳೊಬ್ಬಳದಲ್ಲ ಮಗು. 1962ರಲ್ಲಿ ಅಮೆರಿಕದ ಮನೋವೈದ್ಯ ಇರ್ವಿಂಗ್ ಬೀಬರ್, ತಾಯಿ ಮಗನನ್ನು ಅತಿಯಾಗಿ ಹಚ್ಚಿಕೊಂಡು ತಂದೆ ದೂರ ಉಳಿದರೆ ಹೀಗಾಗುತ್ತದೆ ಎಂದು ದೊಡ್ಡ ಪುಸ್ತಕವನ್ನೇ ತಂದರು. ಅವರು ನೋಡಿದ್ದು ಚಿಕಿತ್ಸೆಗೆಂದು ಬಂದವರನ್ನು ಮಾತ್ರ. ಅದನ್ನು ನಂಬಿ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ!

ಆಮೇಲೆ ಗಾಳಿ ತಿರುಗಿತು. 1991ರಲ್ಲಿ ವಿಜ್ಞಾನಿ ಸೈಮನ್ ಲೆವೇ ನಿನ್ನಂಥವರ ಮೆದುಳಿನಲ್ಲೇ ವ್ಯತ್ಯಾಸ ಕಂಡೆ ಎಂದರು. 1993ರಲ್ಲಿ ಡೀನ್ ಹ್ಯಾಮರ್ ಎಕ್ಸ್ ಕ್ರೋಮೋಸೋಮಿನ ತುದಿಯತ್ತ ಬೆರಳು ತೋರಿದರು. ಆಗ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಆ ಸುದ್ದಿಗಳನ್ನು ಆಸೆಯಿಂದ ಓದಿದ್ದೆ. ಆದರೆ 2019ರಲ್ಲಿ 4.7 ಲಕ್ಷಕ್ಕೂ ಹೆಚ್ಚು ಜನರ ಜೀನ್‌ಗಳನ್ನು ಜಾಲಾಡಿದಾಗ ತಿಳಿದದ್ದು, ಅಂಥ ಒಂದೇ ಜೀನ್ ಎಂಬುದಿಲ್ಲ, ಅನೇಕ ಜೀನ್‌ಗಳ ಪಾಲು ಚೂರುಚೂರಾಗಿ ಸೇರಿದೆ ಎಂದು. ಹಾಗೆಂದು ಉಳಿದದ್ದೆಲ್ಲ ಸಾಕಿದ ರೀತಿಯಿಂದ ಬಂತು ಅಂದುಕೊಳ್ಳಬೇಡ. ಅಣ್ಣಂದಿರು ಹೆಚ್ಚಿದ್ದಷ್ಟೂ ತಮ್ಮನಲ್ಲಿ ಈ ಒಲವಿನ ಸಾಧ್ಯತೆ ತುಸು ಹೆಚ್ಚು ಎಂದು ರೇ ಬ್ಲ್ಯಾಂಚರ್ಡ್ ಮೊದಲಾದ ಸಂಶೋಧಕರು ತೋರಿಸಿದ್ದಾರೆ. ಅದರ ಕಾರಣವನ್ನು ಅವರು ಹುಡುಕುತ್ತಿರುವುದು ಗರ್ಭದಲ್ಲಿ, ತೊಟ್ಟಿಲಲ್ಲಲ್ಲ.

ನೀನು ಅಮ್ಮನಿಗೆ “ನಾನು ಹುಟ್ಟಿದ್ದೇ ಹೀಗೆ, ನನ್ನ ಕೈಯಲ್ಲೇನಿದೆ” ಅಂದೆಯಂತೆ. ನಿಜವೇ ಇರಬಹುದು. ಆದರೆ ನಿನ್ನ ಮಾನವನ್ನೆಲ್ಲ ಆ ಒಂದು ಮಾತಿನ ಮೇಲೆ ನಿಲ್ಲಿಸಬೇಡಪ್ಪ. ಹೆಣ್ಣು ಹುಟ್ಟಿನಿಂದಲೇ ಹೆಣ್ಣು ಎಂಬುದು ನಮ್ಮವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಸ್ಕ್ಯಾನ್ ಮಾಡಿಸಿ ತೆಗೆಸಿದರು. ಭ್ರೂಣಲಿಂಗ ಪತ್ತೆ ನಿಲ್ಲಿಸಲು 1994ರಲ್ಲಿ ಕಾನೂನೇ ಬರಬೇಕಾಯಿತು. ನಾಳೆ ಯಾರಾದರೂ ನಿನ್ನಂಥವರ ಗುರುತನ್ನು ರಕ್ತದ ಹನಿಯಲ್ಲಿ ಹುಡುಕಿಕೊಟ್ಟರೆ ಅದನ್ನೂ ಬಸುರಿನಲ್ಲೇ ನೋಡಿಸುವವರು ಹುಟ್ಟಿಕೊಳ್ಳುತ್ತಾರೇನೋ ಎಂದು ನನಗೆ ಹೆದರಿಕೆ. ನಿನ್ನ ಒಲವು ಎಲ್ಲಿಂದಲೇ ಬಂದಿರಲಿ, ಅದರಿಂದ ಯಾರಿಗೂ ಕೇಡಿಲ್ಲ. ಬದುಕಲು ಅಷ್ಟು ಸಾಕು.

ಅಮ್ಮ ಮತ್ತೆ ಕೇಳುತ್ತಾಳೆ. ಆಗ ಫೋನಿಗೆ ಲೇಖನಗಳನ್ನು ಕಳಿಸುತ್ತಾ ಕೂರಬೇಡ. “ನಿನ್ನಿಂದ ಏನೂ ತಪ್ಪಾಗಿಲ್ಲಮ್ಮ” ಅನ್ನು, ಅವಳ ಪಕ್ಕದಲ್ಲಿ ಕೂತು ಅನ್ನು. ಆಮೇಲೆ ನಿನ್ನ ಕಿರಣನ ಬಗ್ಗೆ ಹೇಳು. ನಿನಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತಿದ್ದವನು ಅವನೇ ಎಂಬುದು ಅವಳಿಗೆ ಇನ್ನೂ ಗೊತ್ತಿಲ್ಲ. ನಾಲಗೆ ತುದಿಗೆ ಬಂದಿದ್ದರೂ ನಾನು ಹೇಳಲಿಲ್ಲ. ಅದು ನೀನೇ ಹೇಳಬೇಕಾದ ಮಾತು.

ಇಂತಿ,
ನಿನ್ನ ದೊಡ್ಡಮ್ಮ