ನ್ಯುಮೋನಿಯಾ ಲಸಿಕೆಯೂ ವೈದ್ಯವಿದ್ಯಾರ್ಥಿಯ ಹೊಣೆಯೂ



ನಮ್ಮ ಓಝರ್‌ನ ವಿಮಾನ ಕಾರ್ಖಾನೆಯು 1964ರಲ್ಲಿ ಸ್ಥಾಪಿತವಾಯಿತು. ಅದರ ಮಾತೃಸಂಸ್ಥೆಯು 1940ರಲ್ಲಿ ಜನ್ಮತಳೆದುದು ಬೆಂಗಳೂರಿನಲ್ಲಿ. ವಿಮಾನವನ್ನು ಹಾರುವ ಮುನ್ನವೇ ಪರೀಕ್ಷಿಸುವರು. ಬಿದ್ದ ಮೇಲೆ ಪರೀಕ್ಷಿಸಿದರೆ ಕಾರಣ ತಿಳಿದೀತು, ಹೋದ ಪ್ರಾಣ ಮರಳದು. ಲಸಿಕೆಯ ತತ್ತ್ವವೂ ಇದೇ.

ನಮ್ಮ ಶ್ವಾಸಕೋಶದೊಳಗೆ ದ್ರಾಕ್ಷಿಯ ಗೊಂಚಲಿನಂತೆ ಅಸಂಖ್ಯ ಗಾಳಿಗೂಡುಗಳಿವೆ. ರೋಗಾಣುಗಳು ಹೊಕ್ಕು, ಆ ಗೂಡುಗಳಲ್ಲಿ ಕೀವು ಮತ್ತು ದ್ರವ ತುಂಬಿಕೊಳ್ಳುವುದೇ ನ್ಯುಮೋನಿಯಾ. ನಿಫಾಡ್ ತಾಲ್ಲೂಕಿನ ಚಳಿ ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧ. ಆದುದರಿಂದ ಚಳಿಯೇ ಈ ರೋಗಕ್ಕೆ ಕಾರಣವೆಂದು ಹಲವರು ನಂಬಿರುವರು. ಕಾರಣ ರೋಗಾಣು, ಚಳಿಗಾಲವು ಅದು ಹರಡಲು ಅನುಕೂಲವೊದಗಿಸುವ ಕಾಲ ಮಾತ್ರ.

ಈ ರೋಗಾಣುಗಳಲ್ಲಿ ಮುಖ್ಯವಾದುದು ನ್ಯುಮೋಕಾಕಸ್. 1881ರಲ್ಲಿ ಫ್ರಾನ್ಸಿನ ಪಾಶ್ಚರನೂ ಅಮೆರಿಕದ ಸ್ಟರ್ನ್‌ಬರ್ಗನೂ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದರು. ಇದಕ್ಕೆ ಸಕ್ಕರೆಯ ಜಾತಿಯ ವಸ್ತುವಿನ ಹೊದಿಕೆಯುಂಟು. ಆ ಹೊದಿಕೆಯನ್ನೇ ಶರೀರಕ್ಕೆ ಪರಿಚಯಿಸಿ, ಶತ್ರುವಿನ ಗುರುತು ಕಲಿಸುವುದೇ ಲಸಿಕೆಯ ಕೆಲಸ.

ಈಗ ವೈದ್ಯರ ಮನೋಭಾವದ ಪ್ರಶ್ನೆಗೆ ಬರೋಣ. 1940ರ ದಶಕದಲ್ಲಿಯೇ ಅಮೆರಿಕದಲ್ಲಿ ಇಂಥ ಲಸಿಕೆ ಮಾರಾಟಕ್ಕೆ ಬಂದಿತ್ತು. ಆದರೆ ಅಷ್ಟರಲ್ಲಿ ಪೆನಿಸಿಲಿನ್ ದೊರೆಯಿತು. "ಔಷಧಿಯಿರುವಾಗ ಲಸಿಕೆಯೇಕೆ?" ಎಂದು ವೈದ್ಯರು ಉದಾಸೀನರಾದರು, ಲಸಿಕೆಯ ತಯಾರಿಕೆಯೇ ನಿಂತಿತು. ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯರು ಮಾತ್ರ ರೋಗಿಗಳ ಲೆಕ್ಕವನ್ನು ಸಹನೆಯಿಂದ ಬರೆದಿಟ್ಟರು. ರಕ್ತಕ್ಕೆ ಹರಡಿದ ರೋಗ ತೀವ್ರವಾಗಿದ್ದರೆ, ಪೆನಿಸಿಲಿನ್ ಕೊಟ್ಟರೂ ಮೊದಲ ಕೆಲವು ದಿನಗಳ ಮರಣವನ್ನು ತಡೆಯಲಾಗದೆಂದು 1964ರಲ್ಲಿ ತೋರಿಸಿಕೊಟ್ಟರು. ಅವರ ಪರಿಶ್ರಮದಿಂದ 1977ರಲ್ಲಿ ಹೊಸ ಲಸಿಕೆಗೆ ಅನುಮತಿ ದೊರೆಯಿತು. ನಡುವಣ ವರ್ಷಗಳಲ್ಲಿ ಕೊರತೆಯಾಗಿದ್ದುದು ವಿದ್ಯೆಯಲ್ಲ, ಎಚ್ಚರ.

ಎರಡು ವರ್ಷದೊಳಗಿನ ಶಿಶುಗಳಲ್ಲಿ ಆ ಲಸಿಕೆ ಸರಿಯಾಗಿ ಫಲಿಸಲಿಲ್ಲ. ಹೊದಿಕೆಯ ಅಂಶವನ್ನು ಪ್ರೋಟೀನಿನೊಡನೆ ಜೋಡಿಸಿದ ಲಸಿಕೆಯು 2000ದಲ್ಲಿ ಬಂದ ಮೇಲೆ ಆ ಕೊರತೆ ನೀಗಿತು. ಭಾರತ ಸರ್ಕಾರವು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಇದನ್ನು ಉಚಿತವಾಗಿ ಕೊಡಲಾರಂಭಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2020ರಲ್ಲಿ ಸ್ವದೇಶೀ ಲಸಿಕೆಯನ್ನು ಹೊರತಂದಿತು. ಶಿಶುವಿಗೆ 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳಿನಲ್ಲಿ ಇದನ್ನು ಚುಚ್ಚುವರು.

ಮಹಾರಾಷ್ಟ್ರದ ಆರೋಗ್ಯವಿಜ್ಞಾನ ವಿಶ್ವವಿದ್ಯಾಲಯವು 1998ರಲ್ಲಿ ನಮ್ಮ ನಾಸಿಕದಲ್ಲಿಯೇ ಸ್ಥಾಪಿತವಾಯಿತು. ನಿಮ್ಮಲ್ಲಿ ಕೆಲವರು ನಾಳೆ ವೈದ್ಯವಿದ್ಯಾರ್ಥಿಗಳಾಗಬಹುದು. ಆಗ ರೋಗಾಣುವಿನ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದರೆ ಸಾಲದು. ಲಸಿಕೆ ಯಾರಿಗೆ ಅಗತ್ಯವೆಂಬುದನ್ನು ಅರಿತಿರಬೇಕು. ಆರೋಗ್ಯವಂತ ತರುಣರೆಲ್ಲರಿಗೂ ಇದು ಬೇಕಾಗದು. ಆದರೆ ಶಿಶುಗಳಂತೆಯೇ ವೃದ್ಧರಿಗೂ, ಮಧುಮೇಹ ಅಥವಾ ಹೃದಯ, ಶ್ವಾಸಕೋಶಗಳ ದೀರ್ಘವ್ಯಾಧಿ ಉಳ್ಳವರಿಗೂ ವೈದ್ಯರು ಇದನ್ನು ಸೂಚಿಸುವರು. ಇದು ಮಕ್ಕಳ ಲಸಿಕೆಯೆಂದಷ್ಟೇ ತಿಳಿದ ವೈದ್ಯನು ಮನೆಯ ಅಜ್ಜಿಯನ್ನು ಮರೆತಾನು. ಎಲ್ಲ ಬಗೆಯ ನ್ಯುಮೋನಿಯಾವನ್ನೂ ಈ ಲಸಿಕೆ ತಡೆಯದೆಂಬುದನ್ನೂ ಅವನು ಮರೆಮಾಚದೆ ಹೇಳಬೇಕು. ಅತಿಯಾದ ಭರವಸೆ ನಂಬಿಕೆಯನ್ನೇ ಕೆಡಿಸುತ್ತದೆ.

ವೈದ್ಯರಾಗುವವರೆಗೆ ಕಾಯಬೇಕಾದುದಿಲ್ಲ. ಮನೆಯಲ್ಲಿ ಕೂಸಿದ್ದರೆ ಲಸಿಕೆಯ ಕಾರ್ಡನ್ನು ಓದಿನೋಡಿರಿ. ಕೂಸಿಗೆ ಕೆಮ್ಮು ಬಂದಾಗ, ಅದು ಶಾಂತವಾಗಿರುವ ವೇಳೆ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿರಿ. 2 ತಿಂಗಳಿನಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ, ಇಲ್ಲವೆ ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಲು ಹಿರಿಯರಿಗೆ ಹೇಳಿರಿ. ಎಣಿಕೆ ಬಲ್ಲ ಬಾಲಕನೂ ಒಂದು ಜೀವವನ್ನು ಉಳಿಸಬಲ್ಲನು.