ಕಣ್ಣು ಪಿಳುಕಿಸುವ ಮಗುವನ್ನು ಬೈಯಬೇಡಿ

"ಸಾಹೇಬ್ರ, ಇಂವಾ ಬೇಕಂತನ ಮಾಡ್ತಾನ್ರಿ. ಬೈದ್ರ ಒಂದ್ ಗಳಿಗಿ ಬಿಡ್ತಾನ, ಮತ್ತ ಸುರು. ಬಿಡಾಕ ಬರ್ತದಂದ್ರ ಪೂರಾ ಯಾಕ ಬಿಡಬಾರದ್ರಿ?" ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಯಾವ ತಾಲೂಕಿನವರೇ ಇರಲಿ, ಕಣ್ಣು ಪಿಳುಕಿಸುವ ಅಥವಾ ಭುಜ ಹಾರಿಸುವ ಮಗುವನ್ನು ಕರೆತಂದ ಪಾಲಕರು ಕೇಳುವ ಪ್ರಶ್ನೆ ಇದೇ. ಪ್ರಶ್ನೆಯೇನೋ ನ್ಯಾಯವಾದದ್ದೇ.

ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ 'ಟಿಕ್' ಎಂದು ಹೆಸರು. ಒಂದೇ ಬಗೆಯ ಚಲನೆ ಅಥವಾ ಶಬ್ದ ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಬರುತ್ತದೆ. ಕಣ್ಣು ಪಿಳುಕಿಸುವುದು, ಮೂಗು ಸೊಟ್ಟ ಮಾಡುವುದು, ಕತ್ತು ಕೊಂಕಿಸುವುದು, ಗಂಟಲು ಕೆರೆಸುವುದು ಹೆಚ್ಚು. ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿಗೆ ಆರಂಭವಾಗಿ 10ರಿಂದ 12ರ ಹೊತ್ತಿಗೆ ಜೋರಾಗುತ್ತದೆ. ಗಂಡು ಮಕ್ಕಳಲ್ಲಿ ಹೆಚ್ಚು. ಕಣ್ಣಿನ ದೋಷವೆಂದು ಕನ್ನಡಕವನ್ನೋ, ಅಲರ್ಜಿಯೆಂದು ಬಾಟಲಿಗಟ್ಟಲೆ ಕೆಮ್ಮಿನ ಔಷಧಿಯನ್ನೋ ಕೊಟ್ಟ ಮೇಲೆಯೇ ಎಷ್ಟೋ ಸಲ ಇದು ಬೆಳಕಿಗೆ ಬರುತ್ತದೆ.

ಈಗ ಪಾಲಕರ ಪ್ರಶ್ನೆಗೆ ಬರೋಣ. ಟಿಕ್ ಬರುವ ಮುಂಚೆ ಆ ಜಾಗದಲ್ಲಿ ತುರಿಕೆಯಂಥ, ಬಿಗಿತದಂಥ ಒಂದು ಕಸಿವಿಸಿ ಏಳುತ್ತದೆ. ಚಲನೆ ಮಾಡಿದರೆ ಅದು ಕ್ಷಣಕಾಲ ಶಮನವಾಗುತ್ತದೆ. ಬರುತ್ತಿರುವ ಸೀನನ್ನು ನೀವು ಸಭೆಯಲ್ಲಿ ಎಷ್ಟು ಹೊತ್ತು ತಡೆಯಬಲ್ಲಿರಿ? ಮಗುವೂ ಅಷ್ಟೇ. ಶಾಲೆಯಲ್ಲಿ ಕಷ್ಟಪಟ್ಟು ತಡೆದುಕೊಂಡು ಮನೆಗೆ ಬಂದ ಕೂಡಲೇ ಬಿಟ್ಟುಬಿಡುತ್ತದೆ. ಶಾಲೆಯಲ್ಲಿ ಇಲ್ಲದ್ದು ಮನೆಯಲ್ಲಿ ಕಂಡಿತೆಂದರೆ ನಾಟಕವೆಂದು ಅರ್ಥವಲ್ಲ. ದಣಿವು, ಅಂಜಿಕೆ, ಪರೀಕ್ಷೆ, ಜಾತ್ರೆಯ ಸಂಭ್ರಮ ಕೂಡ ಇದನ್ನು ಹೆಚ್ಚಿಸುತ್ತವೆ. "ಮತ್ತ ಮಾಡಿದಿ ನೋಡು" ಎಂದು ನೆನಪಿಸಿದರೂ ಹೆಚ್ಚುತ್ತದೆ. ಬೈಗಳಿಂದ ಇದು ಬೆಳೆಯುವುದೇ ಹೊರತು ಕಡಿಮೆಯಾಗುವುದಿಲ್ಲ.

ಚಲನೆಯ ಟಿಕ್‌ಗಳೂ ಶಬ್ದದ ಟಿಕ್‌ಗಳೂ ಸೇರಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದು ಟೂರೆಟ್ ರೋಗ. ಫ್ರಾನ್ಸಿನ ವೈದ್ಯ ಜಿಲ್ ದ ಲಾ ಟೂರೆಟ್ 1885ರಲ್ಲಿ ಒಂಬತ್ತು ರೋಗಿಗಳನ್ನು ವರ್ಣಿಸಿ ಬರೆದದ್ದರಿಂದ ಈ ಹೆಸರು. ಬಾಯಿಂದ ಬೈಗುಳ ಬರುವುದೇ ಇದರ ಲಕ್ಷಣವೆಂಬ ತಿಳಿವಳಿಕೆ ತಪ್ಪು; ಅದು ಕೆಲವೇ ಜನರಲ್ಲಿ ಇರುತ್ತದೆ. ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ಮುಟ್ಟಿದ್ದನ್ನೇ ಮುಟ್ಟುವ ಗೀಳು ಇವು ಜೊತೆಗೂಡುವುದುಂಟು. ಓದಿಗೆ ಅಡ್ಡ ಬರುವುದು ಬಹಳ ಸಲ ಟಿಕ್ ಅಲ್ಲ, ಇವೇ.

ಆದರೆ ಕುಣಿಯುವ ಕೈಕಾಲೆಲ್ಲ ಟಿಕ್ ಅಲ್ಲ. ಗಂಟಲು ನೋವು ಬಂದು ಹೋದ ಕೆಲವು ವಾರ ಅಥವಾ ತಿಂಗಳುಗಳ ನಂತರ ಮಗುವಿನ, ಅದರಲ್ಲೂ ಹುಡುಗಿಯರ, ಕೈಯಿಂದ ಲೋಟ ಬೀಳತೊಡಗಿ, ಅಕ್ಷರ ಕೆಟ್ಟು, ಚಾಚಿದ ನಾಲಿಗೆ ನಿಲ್ಲದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದು ಕೊರಿಯಾ ಇರಬಹುದು. ಇದು ರುಮ್ಯಾಟಿಕ್ ಜ್ವರದ ಒಂದು ರೂಪ. ಟಿಕ್‌ನಲ್ಲಿ ಅದೇ ಚಲನೆ ಮರುಕಳಿಸುತ್ತದೆ. ಇಲ್ಲಿ ಚಲನೆ ಕೈಯಿಂದ ಮುಖಕ್ಕೆ, ಮುಖದಿಂದ ಕಾಲಿಗೆ ಹರಿದಾಡುತ್ತದೆ. ಕೈ ಕುಣಿತ ತಾನಾಗಿ ನಿಂತೀತು, ಆದರೆ ಹೃದಯದ ಕವಾಟ ಕೆಡಬಹುದು. ಹೃದಯ ತಪಾಸಣೆ ಮತ್ತು ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಳ ಕಾಲ ಬೇಕಾಗುತ್ತದೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿ ಕಾಯುವ ಹೊತ್ತು ಇದಲ್ಲ.

ವಾಂತಿಗೆ ಕೊಟ್ಟ ಮೆಟೊಕ್ಲೋಪ್ರಮೈಡ್‌ನಂಥ ಔಷಧದ ನಂತರ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಕತ್ತು ತಿರುಚಿ, ಕಣ್ಣು ಮೇಲೆ ಸಿಕ್ಕಿ, ದವಡೆ ಹಿಡಿದರೆ ಅದು ಔಷಧದ ಪರಿಣಾಮ. ಸೂಕ್ತ ಚುಚ್ಚುಮದ್ದಿನಿಂದ ಸ್ವಲ್ಪ ಹೊತ್ತಿನಲ್ಲೇ ಸಡಿಲಾಗುತ್ತದೆ. ಕೊಟ್ಟ ಔಷಧದ ಚೀಟಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಇನ್ನು ಮಗು ಕರೆದರೂ ಕೇಳದೆ ಕ್ಷಣಕಾಲ ದಿಟ್ಟಿಸುತ್ತಿದ್ದರೆ ಅಪಸ್ಮಾರದ ತಪಾಸಣೆ ಬೇಕು. ಟಿಕ್ ಬಂದಾಗ ಎಚ್ಚರ ತಪ್ಪುವುದಿಲ್ಲ.

ಹಲವು ಮಕ್ಕಳಿಗೆ ಚಿಕಿತ್ಸೆಯೇ ಬೇಡ. ಹರೆಯದ ಕೊನೆಗೆ ಟಿಕ್ ತಗ್ಗುತ್ತದೆ, ಕೆಲವರಲ್ಲಿ ಮಾತ್ರ ಉಳಿಯುತ್ತದೆ. ನೋವಾಗುವಷ್ಟು, ನಾಚಿ ಶಾಲೆ ಬಿಡುವಷ್ಟು ಇದ್ದರೆ ಮೊದಲು ಅಭ್ಯಾಸದ ಚಿಕಿತ್ಸೆ. ಕಸಿವಿಸಿ ಎದ್ದಾಗ ಅದಕ್ಕೆ ವಿರುದ್ಧವಾದ ಕ್ರಿಯೆ ಮಾಡಲು ಕಲಿಸುತ್ತಾರೆ: ಗಂಟಲು ಕೆರೆಸುವ ಬದಲು ಮೂಗಿನಿಂದ ನಿಧಾನ ಉಸಿರು, ಕತ್ತು ಕೊಂಕಿಸುವ ಬದಲು ಗದ್ದ ತುಸು ಇಳಿಸಿ ಬಿಗಿಹಿಡಿಯುವುದು. ಕ್ಲೋನಿಡಿನ್, ರಿಸ್ಪೆರಿಡೋನ್ ಮುಂತಾದ ಮಾತ್ರೆಗಳಿವೆ. ಅವು ನಿದ್ದೆಗಣ್ಣು ತರಬಹುದು, ಕೆಲವು ತೂಕ ಹೆಚ್ಚಿಸುತ್ತವೆ. ತಾವಾಗಿಯೇ ಆರಂಭಿಸುವುದೂ ಬೇಡ, ಒಮ್ಮೆಲೆ ನಿಲ್ಲಿಸುವುದೂ ಬೇಡ. ಮಾಸ್ತರರಿಗೆ ವಿಷಯ ತಿಳಿಸಿ, ಬೇಕೆನಿಸಿದಾಗ ಮಗು ಎರಡು ನಿಮಿಷ ಹೊರಗೆ ಹೋಗಿಬರಲು ಬಿಡುವಂತೆ ಕೇಳಿಕೊಳ್ಳಿ.

ಹಾವೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಮೊದಲು ತೋರಿಸಬಹುದು. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರೆದುರು ಮಗು ಟಿಕ್ ತಡೆಹಿಡಿಯುವುದು ಸಾಮಾನ್ಯ. ಅದಕ್ಕೆ ಮನೆಯಲ್ಲಿ ಟಿಕ್ ಬರುವಾಗ, ಮಗುವಿಗೆ ತಿಳಿಸಿಯೇ, ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿರಿ.