ವೇಷ ಹಾಕಿದ ಅಕ್ಷರಗಳು

ಅಕ್ಕಂದಿರೇ,

ಪುಸ್ತಕದ ಅಕ್ಷರ ಈಗ ನಿಮಗೆ ಬರುತ್ತದೆ. ಆದರೆ ಪೇಟೆಗೆ ಹೋದಾಗ ಅಂಗಡಿಯ ಬೋರ್ಡು ನೋಡಿ ನಿಂತುಬಿಡುತ್ತೀರಿ. “ಇದು ನಾವು ಕಲಿತ ಅಕ್ಷರ ಅಲ್ಲ ಟೀಚರ್” ಅನ್ನುತ್ತೀರಿ. ಅದೇ ಅಕ್ಷರ ಅಕ್ಕಾ, ವೇಷ ಬೇರೆ. ಜಾತ್ರೆಗೆ ಹೋಗುವಾಗ ನಾವೂ ಬೇರೆ ಸೀರೆ ಉಡುತ್ತೇವಲ್ಲ, ಹಾಗೆ.

ಬೋರ್ಡು ಬರೆಯುವ ಪೇಂಟರುಗಳು ಅಕ್ಷರಗಳನ್ನು ಆಟ ಆಡಿಸುತ್ತಾರೆ. ಐಸ್‌ಕ್ರೀಂ ಅಂಗಡಿ ಆದರೆ ತಲಕಟ್ಟಿನ ಮೇಲೆ ಮಂಜು ಕೂರಿಸುತ್ತಾರೆ. ದೆವ್ವದ ಸಿನಿಮಾ ಆದರೆ ಅಕ್ಷರದಿಂದ ರಕ್ತ ತೊಟ್ಟಿಕ್ಕುತ್ತದೆ! ಒತ್ತಕ್ಷರದ ಬಾಲ ಎಳೆದು ಇಡೀ ಹೆಸರಿನ ಕೆಳಗೆ ಗೆರೆ ಮಾಡುತ್ತಾರೆ. ದೂರದಿಂದಲೇ ಕಣ್ಣಿಗೆ ಬೀಳಬೇಕು, ಅದಕ್ಕೇ ಇಷ್ಟೆಲ್ಲ.

ಈಗ ಬಹಳ ಬೋರ್ಡುಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಅಲ್ಲೂ ಆಟದ ಅಕ್ಷರ ಇದೆ. ಒಂದರ ಹೆಸರು ಕೇಳಿ: ‘ಬಾಲೂ ತಮ್ಮ’. ಮುಂಬೈಯ ಏಕ್ ಟೈಪ್ ಎಂಬ ಸಂಸ್ಥೆಯವರು ಮಾಡಿದ್ದು. ಹಿಂದಿಯಲ್ಲಿ ಕರಡಿಗೆ ಭಾಲೂ ಎನ್ನುತ್ತಾರೆ. ಈ ಅಕ್ಷರಗಳೂ ಕರಡಿಮರಿಯ ಹಾಗೆ ದಪ್ಪ, ದುಂಡು. ಕನ್ನಡದಲ್ಲಿ ಇವನು ‘ತಮ್ಮ’. ತೆಲುಗಿನಲ್ಲಿ ‘ತಮ್ಮುಡು’, ಗುಜರಾತಿಯಲ್ಲಿ ‘ಭಾಯಿ’. ದುಡ್ಡು ಕೊಡದೆ ಯಾರು ಬೇಕಾದರೂ ಈ ಅಕ್ಷರ ಬಳಸಬಹುದು.

ವೇಷದೊಳಗೆ ಅಕ್ಷರ ಗುರುತಿಸುವುದು ಹೇಗೆ? ಬಣ್ಣ, ಹೂವು, ನೆರಳು ಎಲ್ಲ ಬಿಡಿ. ಚಿಕ್ಕ ಗುರುತು ಹುಡುಕಿ. ‘ರ’ದ ಹೊಟ್ಟೆಯಲ್ಲಿ ಚುಕ್ಕೆ ಇದ್ದರೆ ಅದು ‘ಠ’. ಮರ ಹೋಗಿ ಮಠ ಆಯಿತು! ‘ದ’ದ ಅಡಿಯಲ್ಲಿ ಸಣ್ಣ ಗೆರೆ ಬಂದರೆ ‘ಧ’. ದನ ಹೋಗಿ ಧನ ಆಯಿತು. ಅಕ್ಷರ ದಪ್ಪವಾದಷ್ಟೂ ಈ ಚುಕ್ಕೆ, ಗೆರೆ ಒಳಗೇ ಮುಚ್ಚಿಹೋಗುತ್ತವೆ. ಆಗ ಮುಂದಿನ ಹಿಂದಿನ ಅಕ್ಷರ ಸೇರಿಸಿ ಓದಿ. ಪದ ತಾನಾಗಿ ಸಿಗುತ್ತದೆ.

ಅಂಕಿ ಮಾತ್ರ ಹಾಗೆ ಸಿಗುವುದಿಲ್ಲ. ಕನ್ನಡದ ೬ ಮತ್ತು ೯ ನೋಡಿ. ದಪ್ಪವಾಗಿ, ವಂಕಿವಂಕಿಯಾಗಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ೬೦ ರೂಪಾಯಿ ಅಂತ ತಿಳಿದು ಸಾಮಾನು ಕಟ್ಟಿಸಿದ ಮೇಲೆ ೯೦ ಕೇಳಿದರೆ? ಅನುಮಾನ ಬಂದರೆ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ. ಬರೆದವನದೇ ತಪ್ಪು, ಓದಿದವರದಲ್ಲ!

ನಿಮ್ಮ ಸಂಘದಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತೀರಾ? ಹಾಗಾದರೆ ಚೀಟಿಯಲ್ಲಿ ಹಪ್ಪಳದ ಹೆಸರನ್ನು ಆಟದ ಅಕ್ಷರದಲ್ಲಿ ಬರೆಸಿ, ಚೆನ್ನಾಗಿರುತ್ತದೆ. ತೂಕ, ಬೆಲೆ, ಮಾಡಿದ ದಿನ, ಏನೇನು ಹಾಕಿದ್ದೀರಿ ಎಂಬುದು ಮಾತ್ರ ಪುಸ್ತಕದ ಅಕ್ಷರದಲ್ಲೇ ಇರಲಿ. ಛಾಪಿಸುವ ಮೊದಲು ಚೀಟಿಯನ್ನು ಸಂಘದ ಅಕ್ಕನೊಬ್ಬರ ಕೈಗೆ ಕೊಟ್ಟು ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಅಕ್ಷರ ಬದಲಿಸಿ.

ಈಗ ಸ್ಲೇಟು ತೆಗೆದುಕೊಳ್ಳಿ. ಕೆಳಗಿನ ಪದಗಳನ್ನು ಒಮ್ಮೆ ಪುಸ್ತಕದ ಹಾಗೆ, ಒಮ್ಮೆ ಬೋರ್ಡಿನ ಹಾಗೆ ಬರೆಯಿರಿ. ಪಕ್ಕದವರು ಓದಲಿ.

ಮರ – ಮಠ
ದನ – ಧನ
ಸಲ – ಸಾಲ
೬೦ – ೯೦